ಕೆಂಪು ನಾಯಿಯ ಬಾಣಂತನ

ಸಿಂದಗಿಯಲ್ಲಿ ನಾವಿರುವ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಹಳೆಯ ಪತ್ರಿಕೆಗಳ ಕಟ್ಟುಗಳಿರುತ್ತವೆ. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ನನ್ನ ಸುದ್ದಿ ಬಂದ ಸಂಚಿಕೆಗಳನ್ನು ಎಸೆಯಲು ಮನಸ್ಸಾಗದೆ ಅಲ್ಲಿ ಪೇರಿಸಿಡುತ್ತೇನೆ. ತೊಗರಿ ಕಟಾವಿನ ದಿನಗಳಲ್ಲಿ ಒಂದು ಬೆಳಿಗ್ಗೆ ಬೀದಿಯ ಕೆಂಪು ನಾಯಿ ಆ ಕಟ್ಟುಗಳ ಮೇಲೆ ಬಂದು ಮಲಗಿತು. ಎಡಗಿವಿಯ ತುದಿ ಹರಿದಿದ್ದ, ಯಾರದೂ ಅಲ್ಲದ ನಾಯಿ. ಹಿಂದಿನ ದಿನದಿಂದ ರೊಟ್ಟಿ ಮುಟ್ಟಿರಲಿಲ್ಲ. ಮುಂಗಾಲಿನಿಂದ ಕಾಗದ ಕೆರೆಯುತ್ತಿತ್ತು, ಒಂದು ಸುತ್ತು ಹಾಕಿ ಮಲಗುತ್ತಿತ್ತು, ಮತ್ತೆ ಎದ್ದು ತನ್ನ ಹಿಂಭಾಗವನ್ನು ತಿರುಗಿ ನೋಡುತ್ತಿತ್ತು.

“ಓಡಸಬ್ಯಾಡೋ ತಮ್ಮಾ,” ಎಂದಳು ಅವ್ವ. “ಇವತ್ತ ಹಡಿತಾಳ ಅಕಿ. ಆ ಪೇಪರ ಇನ್ನ ಯಾರ ಓದವ್ರ ಅದಾರ?”

ಮಧ್ಯಾಹ್ನ ಎರಡರಿಂದ ಸಂಜೆಯೊಳಗೆ ಆರು ಮರಿಗಳಾದವು. ಪ್ರತಿ ಮರಿಗೂ ಹೊಕ್ಕುಳಬಳ್ಳಿ ಕಡಿದು, ಪೊರೆ ತಿಂದು, ಮರಿ ಕುಂಯ್‌ಗುಡುವವರೆಗೆ ನೆಕ್ಕಿತು. ಆರನೆಯದು ಸದ್ದು ಮಾಡಲಿಲ್ಲ. ಅದನ್ನು ಉಳಿದ ಐದಕ್ಕಿಂತ ಹೆಚ್ಚು ಹೊತ್ತು ನೆಕ್ಕಿತು. ಕೊನೆಗೆ ಮೂಗಿನಿಂದ ಗೋಡೆಯ ಕಡೆ ಸರಿಸಿ ಬೆನ್ನು ತಿರುಗಿಸಿತು. ನೋಡಿದ್ದನ್ನು ಬರೆದಿಡುವುದು ನನ್ನ ಅಭ್ಯಾಸ. ಪಂಚಾಯಿತಿ ಸಭೆಯೊಂದರ ಟಿಪ್ಪಣಿಯ ಕೆಳಗೆ ಇದನ್ನೂ ಬರೆದೆ.

ಅವ್ವ ಮರುದಿನದಿಂದಲೇ ಬಾಣಂತನ ಶುರುಮಾಡಿದಳು. ಮೆಟ್ಟಿಲ ಸಂದಿಗೆ ಗೋಣಿಚೀಲದ ಪರದೆ ಕಟ್ಟಿದಳು. ಹಳೆಯ ಬೋಗುಣಿಯಲ್ಲಿ ಕೆಂಡ ಹಾಕಿ, ಅಜವಾನ ಉದುರಿಸಿ, ದೂರದಿಂದ ಹೊಗೆ ತೋರಿಸಿದಳು. ಹಾಲು ಬರಲೆಂದು ಬಾಣಂತಿಯರಿಗೆ ಕೊಡುವ ಅಳವಿ ಪಾಯಸವನ್ನು ಬೆಲ್ಲ ಹಾಕಿ ಕುದಿಸಿ, ಆರಿಸಿ, ಮಣ್ಣಿನ ತಟ್ಟೆಯಲ್ಲಿ ಇಟ್ಟಳು. ತಣ್ಣೀರು ಕೊಡಲಿಲ್ಲ, ಉಗುರು ಬೆಚ್ಚಗಿನ ನೀರು ಮಾತ್ರ. ನಾನು ಹತ್ತಿರ ಹೋದರೆ ಹಲ್ಲು ತೋರಿಸುತ್ತಿದ್ದ ನಾಯಿ ಅವ್ವನ ಕೈ ಮರಿಗಳ ನಡುವೆ ಹೋದರೂ ಸುಮ್ಮನಿರುತ್ತಿತ್ತು.

ಎದುರಿಗಿನ ಕಿರಾಣಿ ಅಂಗಡಿಯವನಿಗೆ ಇದು ದಿನದ ತಮಾಷೆಯಾಯಿತು.

“ಆಯಿ, ನಿಮ್ಮ ಬಾಣಂತಿ ಹೆಂಗದಾಳ್ರಿ? ತೊಟ್ಟಲಾ ಯಾವಾಗ? ನಮಗೂ ಒಂದ ಮಾತ ಹೇಳ್ರಿ ಮತ್ತ.”

“ಬಾ ಬಾ. ಒಂದಕ್ಕ ನಿನ್ನ ಹೆಸರ ಇಡೂದೈತಿ. ದಿನಾ ಕುಂತಲ್ಲೇ ಕುಂತಿರತೈತಿ, ನಿನ್ನಂಗ.”

ಅವನು ನಕ್ಕು, ಒಡೆದ ಬಿಸ್ಕತ್ತುಗಳ ಪೊಟ್ಟಣವೊಂದನ್ನು ಅವ್ವನ ಕೈಗೆ ಕೊಟ್ಟು ಕಳಿಸುತ್ತಿದ್ದ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು.

ಮರಿಗಳು ಕಣ್ಣು ಬಿಟ್ಟ ವಾರವೇ ಊರಿನ ಇನ್ನೊಂದು ತುದಿಯಲ್ಲಿ ಹುಚ್ಚುನಾಯಿಯೊಂದು ಒಬ್ಬ ಮುದುಕನನ್ನೂ ಎರಡು ಕರುಗಳನ್ನೂ ಕಚ್ಚಿತು. ನಾನು ವರದಿ ಕಳಿಸಿದೆ. ಜೊತೆಗೆ ಸುದ್ದಿಯ ಪಕ್ಕ ಚೌಕಟ್ಟು ಕಟ್ಟಿ ಹಾಕುವ ಒಂದು ಬಾಕ್ಸ್: ಹುಚ್ಚುನಾಯಿಯನ್ನು ಗುರುತಿಸುವುದು ಹೇಗೆ. ಪಶುವೈದ್ಯರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ರಾತ್ರಿ ಪಾಳಿಗೆ ಮುಂಚೆಯೇ ಪತ್ರಿಕೆಯ ಸಂಪಾದಕೀಯ ಡೆಸ್ಕ್‌ನಿಂದ ಫೋನ್ ಬಂತು. ಬಾಕ್ಸ್ ಎರಡು ಸಾಲು ಉದ್ದವಾಗಿದೆ, ಏನು ತೆಗೆಯಲಿ ಎಂದು ಕೇಳಿದರು. ಕೊನೆಯ ಎರಡು ಸಾಲು ತೆಗೆಯಿರಿ ಎಂದೆ. ಇಪ್ಪತ್ತು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ. ಮುಖ್ಯವಾದದ್ದು ಮೇಲೆ, ಬಿಟ್ಟರೂ ನಡೆಯುವಂಥದ್ದು ಕೆಳಗೆ.

ಮರುದಿನ ಅಂಗಡಿಯವನು ಆ ಬಾಕ್ಸನ್ನು ಕತ್ತರಿಸಿ ಬಾಗಿಲ ಪಕ್ಕದ ಹಲಗೆಗೆ ಅಂಟಿಸಿದ. ಶಾಲೆಗೆ ಹೋಗುವ ಮಕ್ಕಳು ನಿಂತು ಓದುತ್ತಿದ್ದವು. ನನಗೆ ಸಂತೋಷವಾಗಿತ್ತು.

ಹೆತ್ತ ಹದಿನೆಂಟನೆಯ ದಿನ ಬೆಳಿಗ್ಗೆ ಏಳಕ್ಕೆ ಚಳಿಯಲ್ಲೂ ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು, ಐದು ಮರಿಗಳು ದುಂಡಗಾಗಿದ್ದವು. ಅವ್ವ ಇಟ್ಟ ನೀರನ್ನು ಕುಡಿಯಿತು. ಎಂಟೂವರೆಗೆ ಮರಿಗಳು ಮೊಲೆಗೆ ಬಂದಾಗ ಗುರ್ ಎಂದು ಎದ್ದು ನಿಂತಿತು. ಒಂದು ಮರಿಯ ಮೇಲೆ ಬಾಯಿ ಹಾಕಿತು, ಗಾಯವಾಗಲಿಲ್ಲ. ಒಂಬತ್ತಕ್ಕೆ ಹಿಂಗಾಲುಗಳು ಕಟ್ಟಿಗೆಯಂತೆ ಸೆಟೆದವು, ಮುಖದ ಚರ್ಮ ಅದುರತೊಡಗಿತು.

“ಸನ್ನಿ ಬಂದೈತೋ,” ಎಂದಳು ಅವ್ವ. ಹೆತ್ತ ಹೆಂಗಸರಿಗೆ ಬರುವ ಸನ್ನಿಯನ್ನು ಅವಳು ಕಂಡಿದ್ದಳು. “ಡಾಕ್ಟರಗ ಫೋನ ಮಾಡು, ಲಗೂ ಮಾಡು.”

ನಾನು ಫೋನ್ ಹುಡುಕುವಷ್ಟರಲ್ಲಿ ನಾಯಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೀದಿಗಿಳಿಯಿತು. ಎಲ್ಲಿಗೆ ಒಯ್ಯಬೇಕೆಂದಿತ್ತೋ ತಿಳಿಯದು. ನಾಲ್ಕು ಹೆಜ್ಜೆ ತೂರಾಡಿ ಮರಿಯನ್ನು ಬೀಳಿಸಿತು. ಬಾಯಿಂದ ನೊರೆ ಸುರಿಯುತ್ತಿತ್ತು. ಹಾಲಿನ ಕ್ಯಾನ್ ಹಿಡಿದು ಹೋಗುತ್ತಿದ್ದವನೊಬ್ಬ ಸೈಕಲ್ ಬಿಟ್ಟು ಕಟ್ಟೆ ಹತ್ತಿದ.

“ತನ್ನ ಮರೀನ ತಾನ ತಿನ್ನಾಕತ್ತೈತ್ರೋ!” ಎಂದು ಯಾರೋ ಕೂಗಿದರು.

ಅಂಗಡಿಯವನು ಹೊರಗೆ ಬಂದ. ಮುಖದಲ್ಲಿ ತಮಾಷೆ ಇರಲಿಲ್ಲ. ಹಲಗೆಯ ಮೇಲಿನ ಬಾಕ್ಸಿನ ಮೇಲೆ ಬೆರಳಿಟ್ಟ.

“ಪೇಪರ ಸಾಹೇಬ್ರ, ನೀವ ಬರದೀರಲ್ರಿ. ಜೊಲ್ಲ ಸುರಸತೈತಿ, ತೂರಾಡತೈತಿ, ತನ್ನವರನ್ನೂ ಕಚ್ಚತೈತಿ. ಮೂರೂ ಅದಾವಲ್ರಿ. ಹುಚ್ಚ ಹೌದೋ ಅಲ್ಲೋ, ಹೇಳ್ರಿ.”

ಅಲ್ಲ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. ಹೌದು ಎನ್ನಲೂ ಇರಲಿಲ್ಲ. ಖಚಿತವಾಗದ್ದನ್ನು ಹೇಳಬಾರದೆಂಬುದು ನನ್ನ ವೃತ್ತಿಯ ಮೊದಲ ಪಾಠ.

“ಡಾಕ್ಟರನ್ನ ಕೇಳಿ ಹೇಳತೇನಿ. ಅಲ್ಲೀತನಕ ಯಾರೂ ಹತ್ತರ ಹೋಗಬ್ಯಾಡ್ರಿ,” ಎಂದು ಒಳಗೆ ಹೋದೆ.

ವೈದ್ಯರು ದೇವಣಗಾಂವದಲ್ಲಿ ದನಗಳಿಗೆ ಲಸಿಕೆ ಹಾಕುತ್ತಿದ್ದರು. ಎರಡು ಸಲ ಫೋನ್ ಎತ್ತಲಿಲ್ಲ. ಮೂರನೆಯ ಸಲ ಎತ್ತಿದರು. ಬೆಳಿಗ್ಗೆಯಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ಗಂಟೆಗಳ ಸಮೇತ ಓದಿದೆ. ಅವರು ನಡುವೆಯೇ ತಡೆದರು.

“ಮರಿ ಹಾಕಿ ಎಷ್ಟ ದಿನಾತ್ರಿ?”

“ಹದಿನೆಂಟ.”

“ನೀರ ಕುಡದೈತೇನು?”

“ಮುಂಜಾನೆ ಕುಡದೈತ್ರಿ.”

“ಹಾಲಿನ ಬ್ಯಾನಿ ಇದ್ದಂಗ ಐತ್ರಿ ಅದು. ಮೈಯಾಗಿನ ಕ್ಯಾಲ್ಸಿಯಂ ಎಲ್ಲಾ ಹಾಲಿಗಿ ಹೋಗಿರತೈತಿ. ಮರಿ ಬ್ಯಾರೆ ಮಾಡ್ರಿ, ಬಾಯಿ ಹತ್ತರ ಕೈ ಒಯ್ಯಬ್ಯಾಡ್ರಿ, ಚೀಲ ಹೊಚ್ಚಿ ಗಾಡ್ಯಾಗ ಹಾಕ್ಕೊಂಡ ಬರ್ರಿ. ಸೂಜಿ ಮಾಡಿದ್ರ ತಾಸಿನಾಗ ಎದ್ದ ಓಡಾಡತೈತಿ.” ಆಮೇಲೆ ಹೇಳಿದರು: “ಅವತ್ತ ಹೇಳಿದ್ನೆಲ್ರಿ ನಿಮಗ? ಬರಕೊಂಡಿದ್ರಿ ನೀವು.”

ನಾನು ಹೊರಗೆ ಬಂದಾಗ ನಾಯಿ ಚರಂಡಿಯ ಕಲ್ಲುಗಳ ಮೇಲೆ ಸತ್ತು ಬಿದ್ದಿತ್ತು. ಅಂಗಡಿಯವನ ಕೈಯಲ್ಲಿ ಷಟರ್ ಎಳೆಯುವ ಕಬ್ಬಿಣದ ಸಳಿ ಇತ್ತು. ಇನ್ನಿಬ್ಬರ ಕೈಯಲ್ಲಿ ಬಡಿಗೆಗಳಿದ್ದವು. ಬಿದ್ದ ಮರಿ ತೆವಳಿಕೊಂಡು ಬಂದು ಮೊಲೆ ಹುಡುಕುತ್ತಿತ್ತು. ಮೊಲೆಗಳಿಂದ ಹಾಲು ಇನ್ನೂ ತೊಟ್ಟಿಕ್ಕುತ್ತಿತ್ತು.

“ಸಾಲಿ ಬಿಡೂ ಹೊತ್ತಿಗಿ ಇಲ್ಲೇ ಇದ್ದಿದ್ರ ಏನ ಮಾಡೂದಿತ್ರಿ?” ಎಂದು ಅವನು ನನ್ನನ್ನು ಕೇಳಿದ. ಅವನ ಮಗಳೂ ಅದೇ ದಾರಿಯಲ್ಲಿ ಬರುತ್ತಾಳೆ.

ವೈದ್ಯರು ಹೇಳಿದ್ದನ್ನು ನಾನು ಹೇಳಲಿಲ್ಲ. ಅವ್ವ ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಒಳಗೆ ಹೋದಳು.

ಪುರಸಭೆಯ ಗಾಡಿ ಬಂದು ನಾಯಿಯನ್ನು ಒಯ್ದು ಸುಣ್ಣ ಹಾಕಿ ಹೂಳಿತು. ಸಂಜೆ ವೈದ್ಯರು ಮನೆಗೇ ಬಂದರು. ಜೊಲ್ಲು ತಾಗಿದ ಮರಿಯನ್ನು ಮುಟ್ಟಿದ್ದಕ್ಕೆ ಅವ್ವ ಸರಕಾರಿ ದವಾಖಾನೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕೆಂದರು. ಪರೀಕ್ಷೆ ಮಾಡದೆ ನೂರಕ್ಕೆ ನೂರು ಹೇಳಲಾಗದು ಎಂದರು. ಹೇಳಿದ ಲಕ್ಷಣಗಳೆಲ್ಲ ಹಾಲಿನ ಬೇನೆಯವೇ ಎಂದೂ ಅಂದರು. ಆದ್ದರಿಂದ ಇಲ್ಲಿಯೂ ಅಷ್ಟನ್ನೇ ಬರೆಯುತ್ತಿದ್ದೇನೆ.

“ನಾ ತಣ್ಣೀರ ಕೊಡಲಿಲ್ಲಲ್ರಿ, ಅದಕ್ಕ ಏನರೆ ಆತೇನು?” ಎಂದು ಅವ್ವ ಕೇಳಿದಳು.

“ಇಲ್ಲವ್ವಾ. ನಿಮ್ಮಿಂದ ಏನೂ ಆಗಿಲ್ಲ.”

ಅವರು ಹೋದ ಮೇಲೆ ನೋಟ್‌ಬುಕ್ಕಿನ ಹಾಳೆ ತಿರುವಿದೆ. ಬಾಕ್ಸಿಗಾಗಿ ಬರೆದುಕೊಂಡ ಟಿಪ್ಪಣಿಯ ಕೊನೆಯಲ್ಲಿ, ನನ್ನದೇ ಅಕ್ಷರದಲ್ಲಿ, ಅಂದು ತೆಗೆಸಿದ ಸಾಲುಗಳಿದ್ದವು: ಮರಿ ಹಾಕಿದ ನಾಯಿಗೆ ಎರಡು–ಮೂರು ವಾರದಲ್ಲಿ ಹೀಗೇ ಆಗಬಹುದು, ಅದು ಹುಚ್ಚಲ್ಲ, ದೂರ ನಿಂತು ವೈದ್ಯರನ್ನು ಕರೆಯಿರಿ. ಮೆಟ್ಟಿಲ ಕೆಳಗೆ ಬಾಣಂತಿ ನಾಯಿಯನ್ನು ಇಟ್ಟುಕೊಂಡವನೇ ಅದನ್ನು ಬಿಟ್ಟರೂ ನಡೆಯುತ್ತದೆ ಎಂದುಕೊಂಡಿದ್ದ.

ಮರಿಗಳಿಗೆ ಅವ್ವ ಹತ್ತಿ ಅದ್ದಿ ಹಾಲು ಕುಡಿಸಿದಳು. ಭೇದಿ ಹತ್ತಿತು. ಎಂಟು ದಿನದೊಳಗೆ ನಾಲ್ಕು ಸತ್ತವು. ಬೀದಿಗೆ ಬಿದ್ದ ಮರಿಯೂ ಅವುಗಳಲ್ಲಿ ಒಂದು. ಉಳಿದದ್ದನ್ನು, ವೈದ್ಯರು ನೋಡಿ ಆಗಬಹುದೆಂದ ಮೇಲೆ, ಗೊಳಸಂಗಿಯ ನೆಂಟರು ಹೊಲ ಕಾಯಲೆಂದು ಒಯ್ದರು. ಅದು ಇದೆಯೋ ಇಲ್ಲವೋ ಕೇಳಿಲ್ಲ. ಕೇಳುವುದೇ ನನ್ನ ಕೆಲಸ, ಆದರೂ ಕೇಳಿಲ್ಲ.

ಆ ಎರಡು ಸಾಲುಗಳನ್ನು ತಿದ್ದುಪಡಿಯಾಗಿ ಹಾಕಲು ಡೆಸ್ಕಿಗೆ ಕಳಿಸಿದೆ. ಬಾಕ್ಸಿನಲ್ಲಿ ಅಚ್ಚಾದದ್ದರಲ್ಲಿ ಏನು ತಪ್ಪಾಗಿದೆ ಎಂದು ಕೇಳಿದರು. ಏನೂ ತಪ್ಪಾಗಿರಲಿಲ್ಲ. ಹಾಗಾದರೆ ತಿದ್ದುವುದೇನನ್ನು ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಅಂಗಡಿಯವನು ಈಗಲೂ ಗಿರಾಕಿಗಳಿಗೆ ನನ್ನನ್ನು ತೋರಿಸಿ, “ಸಾಹೇಬ್ರ ಬರದಿದ್ದಕ್ಕ ನಮ್ಮ ಓಣಿ ಉಳೀತ ನೋಡ್ರಿ,” ಎನ್ನುತ್ತಾನೆ. ಒಂದು ದಿನ ಆ ಬಾಕ್ಸನ್ನು ಕಿತ್ತುಹಾಕೆಂದು ಹೇಳಿದೆ.

“ಯಾಕ್ರಿ? ಎಲ್ಲಾ ಬರೋಬ್ಬರಿ ಐತೆಲ್ರಿ ಇದರಾಗ.”

“ಐತಿ,” ಎಂದೆ. ಅವನು ಅಂಚು ಎದ್ದಿದ್ದ ಕಡೆ ಇನ್ನಷ್ಟು ಅಂಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿದ.