ಭಾವನ ದೀಕ್ಷಾಸ್ನಾನಕ್ಕೆ ಭದ್ರಾವತಿಗೆ

ಭಾನುವಾರ ಬೆಳಿಗ್ಗೆ ನಮ್ಮ ಹೊಸಮನೆ ಬಡಾವಣೆಯಿಂದ ಹೊರಟೆ. ಭದ್ರಾವತಿಯ ಕಾಗದನಗರದಲ್ಲಿರುವ ಭಾವ ರುದ್ರೇಶ್ ಅಂದು ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗುವವರಿದ್ದರು. ಅವರ ಕುಡಿತ ತಾಳಲಾರದೆ ಅಕ್ಕ ನಮ್ಮ ಮನೆ ಸೇರಿ ವರ್ಷವಾಗಿತ್ತು. ಈಗ ಅವರು ಪೂರ್ತಿ ಬೇರೆ ಮನುಷ್ಯರಾಗಿದ್ದಾರೆಂಬ ಸುದ್ದಿ ಬಂದಿತ್ತು.

"ಡಿಬೇಟಲ್ಲಿ ಎಲ್ಲರ ಬಾಯಿ ಮುಚ್ಚಿಸಿ ಕಪ್ ತರ್ತೀಯಲ್ಲ, ಹೋಗಿ ಇವರನ್ನೂ ಕೆಣಕಿ ನೋಡು" ಎಂದಳು ಅಕ್ಕ. "ನಿಜವಾಗ್ಲೂ ಬದಲಾಗಿದ್ರೆ ವಾಪಸ್ ಹೋಗೋ ಯೋಚನೆ ಮಾಡ್ತೀನಿ."

ಜಗಳಕ್ಕೆ ಹೋದರೂ ಭಾವನ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಗಾಂಧಿ ಬಜಾರ್‌ನಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡು ಬಸ್ ಹತ್ತಿದೆ. ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದಾರಿ; ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿಯಿಂದ ಚಳಿಗಾಲದ ಗಾಳಿ ಹಿತವಾಗಿ ಬೀಸುತ್ತಿತ್ತು. ನಾನು ವಾದದ ಅಂಶಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಕೂತೆ.

ಕಾಗದನಗರದಲ್ಲಿ ಮುಚ್ಚಿಹೋದ ಕಾಗದದ ಕಾರ್ಖಾನೆಯ ಸದ್ದಿಲ್ಲ. ಬೀಗ ಬಿದ್ದ ಕ್ವಾರ್ಟರ್ಸ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ರಂಗೋಲಿ ಕಾಣುತ್ತಿತ್ತು. ಭಾವ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. "ಬಾ ಕಿರಣ, ಜೈಲಲ್ಲಿರೋರನ್ನ ನೋಡೋಕೆ ಬಂದವನ ಹಾಗೆ ಹಣ್ಣು ಹಿಡ್ಕೊಂಡು ಬಂದಿದ್ದೀಯಲ್ಲ ಮಾರಾಯ!" ಎಂದು ನಕ್ಕರು. ತಾವೇ ಮಾಡಿದ ಅವಲಕ್ಕಿ ಒಗ್ಗರಣೆ ಬಡಿಸಿದರು. ಉಪ್ಪು ಹೆಚ್ಚಾಗಿತ್ತು.

ತಟ್ಟೆ ಕೆಳಗಿಡುವ ಮೊದಲೇ ಶುರು ಮಾಡಿದೆ. "ಕುಡಿತ ಬಿಡೋಕೆ ದೇವರು ಯಾಕೆ ಭಾವ? ಡಾಕ್ಟರ್ ಸಾಲಲ್ವಾ?"

"ಎಷ್ಟೋ ಜನಕ್ಕೆ ಸಾಕಾಗುತ್ತೆ. ನನಗೆ ಸಾಲಲಿಲ್ಲ."

"ಕೊರಳಲ್ಲಿ ಲಿಂಗ ಇತ್ತಲ್ಲ?"

"ಲಿಂಗಕ್ಕೇನು ಕಮ್ಮಿ ಇರಲಿಲ್ಲಪ್ಪ. ಅದನ್ನ ಅಂಗಿಯೊಳಗೆ ಮುಚ್ಕೊಂಡು ಬಾರಿಗೆ ಹೋಗ್ತಿದ್ದವನು ನಾನು."

ಎದುರಾಳಿ ಹೀಗೆ ಎಲ್ಲಕ್ಕೂ ಒಪ್ಪುತ್ತ ಹೋದರೆ ವಾದ ಮುಂದೆ ಸಾಗುವುದಿಲ್ಲ. ಕೊನೆಯ ಬಾಣ ಬಿಟ್ಟೆ. "ನೀರಲ್ಲಿ ಮುಳುಗಿ ಎದ್ರೆ ಹಳೇ ಮನುಷ್ಯ ಸತ್ತ, ಹೊಸಬ ಹುಟ್ಟಿದ ಅಂತೀರಿ. ಹಾಗಾದ್ರೆ ಹಳಬ ಮಾಡಿದ್ದಕ್ಕೆ ಉತ್ತರ ಕೊಡೋರು ಯಾರು?"

ಅವರು ನಗಲಿಲ್ಲ. "ಅದೇ ನನ್ನನ್ನೂ ಕೊರೀತಿದೆ" ಎಂದು ಎದ್ದು ಟವೆಲ್ ತೆಗೆದುಕೊಂಡರು.

ಭದ್ರಾ ನದಿಯ ದಡದಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. "ವಾಂಗ ತಂಬಿ, ಬನ್ನಿ ತಮ್ಮ, ನೆರಳಲ್ಲಿ ನಿಲ್ಲಿ" ಎಂದರು ತಮಿಳು ಮಾತಿನ ಪಾಸ್ಟರ್. ನೀರಿಗಿಳಿಯುವ ಮುನ್ನ ಪ್ರತಿಯೊಬ್ಬರೂ ಸಾಕ್ಷಿ ಹೇಳುವುದು ಅವರ ಪದ್ಧತಿ. ಹಿಂದೆ ಹೇಗಿದ್ದೆ, ಈಗ ಹೇಗಾದೆ ಎಂದು ಹೇಳಬೇಕು. ಪ್ರತಿ ಮಾತಿಗೂ ಸಭೆ ದೇವರನ್ನು ಹೊಗಳಿ "ಸ್ತೋತ್ರ" ಎನ್ನುತ್ತದೆ. ಮೊದಲು ಬಂದ ಹೆಂಗಸೂ ಯುವಕನೂ ತಾವು ಪಾಪಿಗಳಾಗಿದ್ದೆವೆಂದರು. ಸ್ತೋತ್ರ, ಸ್ತೋತ್ರ. ಎಲ್ಲವೂ ಸಲೀಸು ಎಂದುಕೊಂಡೆ.

ಭಾವ ಮುಂದೆ ಬಂದರು. "ನಾನು ಕುಡೀತಿದ್ದೆ."

"ಸ್ತೋತ್ರ!"

"ಹೆಂಡತಿಗೆ ಹೊಡೀತಿದ್ದೆ. ಒಂದ್ಸಲ ಅವಳ ಕೈ ಮುರೀತು. ಬಚ್ಚಲಲ್ಲಿ ಜಾರಿಬಿದ್ದಳು ಅಂತ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ. ಅವಳ ಬಾಯಲ್ಲೂ ಅದನ್ನೇ ಹೇಳಿಸಿದೆ."

ರೂಢಿಯ ಮೇಲೆ ಹತ್ತಾರು ಬಾಯಿಗಳು "ಸ್ತೋತ್ರ" ಎಂದವು. ಭಾವ ಕೈಯೆತ್ತಿ ತಡೆದರು. "ಬೇಡ. ಇದಕ್ಕೆ ಸ್ತೋತ್ರ ಹೇಳಬೇಡಿ. ಮಾಡಿದ್ದು ಯಾವನೋ ಸತ್ತವನಲ್ಲ. ನಾನೇ. ಕ್ಷಮೆ ಸಿಕ್ಕಿದೆ ಅಂತ ನಂಬಿದ್ದೀನಿ, ಅದಕ್ಕೇ ಇದನ್ನ ಹೇಳೋ ಧೈರ್ಯ ಬಂತು."

ಪಾಸ್ಟರ್ ಭಾವನನ್ನು ನೀರಿಗೆ ಕರೆದೊಯ್ದು ಪೂರ್ತಿ ಮುಳುಗಿಸಿ ಎತ್ತಿದರು. ನಾನು ಅದನ್ನು ಸರಿಯಾಗಿ ನೋಡಲೇ ಇಲ್ಲ. ಅಕ್ಕ ಬಚ್ಚಲಲ್ಲಿ ಬಿದ್ದಳೆಂದೇ ನಾವೆಲ್ಲ ನಂಬಿದ್ದೆವು. ಪ್ಲಾಸ್ಟರಿನ ಮೇಲೆ ನಾನು ತಮಾಷೆಯ ಚಿತ್ರ ಕೂಡ ಬರೆದಿದ್ದೆ.

ಭಾವ ಒದ್ದೆ ಬಟ್ಟೆಯಲ್ಲಿ ನಡುಗುತ್ತ ಹತ್ತಿರ ಬಂದಾಗ, "ನಿಮಗೆ ಎರಡು ಬಾರಿಸಬೇಕು ಅನ್ನಿಸ್ತಿದೆ" ಎಂದೆ.

"ಅನ್ನಿಸಬೇಕಾದ್ದೇ."

"ಅಕ್ಕನಿಗೆ ಏನು ಹೇಳ್ಲಿ?"

"ಕೇಳಿದ್ದನ್ನ ಹೇಳು. ಬಾ ಅಂತ ನಾನು ಕರೆದೆ ಅನ್ನಬೇಡ. ಕರೆಯೋ ಹಕ್ಕು ನನಗಿಲ್ಲ."

ಅವರ ದೇವರನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಅಂದು ಮಧ್ಯಾಹ್ನದ ಬಸ್ಸಿನಲ್ಲಿ ಒಂದೂ ಪ್ರತಿವಾದ ಹೊಳೆಯಲಿಲ್ಲ.

ಮನೆಯಲ್ಲಿ ಅಕ್ಕ ತೆಂಗಿನಕಾಯಿ ತುರಿಯುತ್ತಿದ್ದಳು. ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳ ಕೈ ನಿಂತಿತು.

"ಅಷ್ಟು ಜನರೆದುರಿಗೆ? ಅವರೇ ಹೇಳಿದ್ರಾ?"

"ಅವರೇ. ವಾಪಸ್ ಹೋಗ್ತೀಯಾ ಅಕ್ಕ?"

"ಅದು ಆಮೇಲಿನ ಮಾತು ಕಣೋ." ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಹಿತ್ತಿಲ ಬಾಗಿಲಿಗೆ ಹೋದಳು. "ಅಮ್ಮಾ, ಒಳಗೆ ಬಾ. ನನ್ನ ಕೈ ಹೇಗೆ ಮುರೀತು ಅಂತ ನಿನಗೆ ಹೇಳಬೇಕು."