ಮೆಟ್ಟಿಲ ಮೇಲೆ ಬಿಟ್ಟ ಬೂಟು

ಅವರ ಎಡ ಭುಜದ ಕೆಳಗೆ, ಸೆರಗಿಗೆ ಪಿನ್ನು ಹಾಕುವ ಜಾಗದಲ್ಲಿ, ಒಂದು ಪುಟ್ಟ ಗಡಿಯಾರ ತಲೆಕೆಳಗಾಗಿ ನೇತಾಡುತ್ತಿತ್ತು. ಎದುರಿಗೆ ಕೂತ ನಮಗೆ ಹನ್ನೆರಡು ಕೆಳಗೆ, ಆರು ಮೇಲೆ. ಅವರು ಗದ್ದ ತಗ್ಗಿಸಿದರೆ ಮಾತ್ರ ಹೊತ್ತು ನೆಟ್ಟಗೆ ಕಾಣುತ್ತಿತ್ತು. ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, ರೋಗಿಯ ನಾಡಿ ಹಿಡಿದ ಕೈ ಬಿಡದೆ ಹೊತ್ತು ನೋಡಲು ಹಾಗೆ ಹಾಕಿಕೊಂಡಿದ್ದರಂತೆ. ಮೇಜರ್ ಆಗಿ ನಿವೃತ್ತರಾಗಿ, ಆಮೇಲೆ ಆಪ್ತಸಮಾಲೋಚನೆಯನ್ನು ಓದಿಕೊಂಡು ಬಂದರೂ ಗಡಿಯಾರ ಮಾತ್ರ ಆ ಜಾಗ ಬಿಟ್ಟಿರಲಿಲ್ಲ. ನಾವೆಲ್ಲ ಅವರನ್ನು ಮೇಜರ್ ಅಮ್ಮ ಅನ್ನುತ್ತಿದ್ದೆವು.

ನಾನು ಬೈಲಹೊಂಗಲ ಕಡೆಯ ಹವಾಲ್ದಾರ. ಹೊಸದಾಗಿ ಸೇರಿದ ಹುಡುಗರಿಗೆ ಕವಾಯತು ಕಲಿಸುವ ಉಸ್ತಾದ್ ಆಗಿದ್ದೆ. ಬೆಟ್ಟದ ದಾರಿಯಲ್ಲಿ ನಮ್ಮ ಗಾಡಿ ಪಲ್ಟಿ ಹೊಡೆದು ನನ್ನ ಬೆನ್ನೆಲುಬು ಜಖಂ ಆಯಿತು. ಎರಡು ಆಪರೇಷನ್ ಆದವು, ಗುಳಿಗೆಗಳು ಆದವು, ನೋವು ಮಾತ್ರ ಪಿಂಚಣಿಯ ಹಾಗೆ ತಪ್ಪದೆ ಬರುತ್ತಿತ್ತು. ಹೆಂಡತಿಗೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ನೌಕರಿ. ಅವಳ ವರ್ಗಾವಣೆಯ ಹಿಂದೆ ನಾನೂ ನನ್ನ ಬೆನ್ನೂ ಇಲ್ಲಿಗೆ ಬಂದೆವು.

ಮನೆಯಲ್ಲಿ ನನ್ನ ಬಾಯಿಂದ ಬರುತ್ತಿದ್ದದ್ದು ಎರಡೇ. ನೋವು ಹೇಗಿದೆ ಎಂದರೆ 'ಏನಿಲ್ಲ', ಉಳಿದದ್ದಕ್ಕೆಲ್ಲ ಒದರಾಟ. ಫೌಜಿನಲ್ಲಿ ನೋವು ಅಂದವನು ಕಳ್ಳಾಟದವನು ಅಂತಲೇ ಕಲಿತವರು ನಾವು, ಕಲಿಸಿದವರೂ ನಾವೇ. ಒಂದು ಬೆಳಿಗ್ಗೆ ಹೆಂಡತಿ ಬೆಂಗಳೂರಿಗೆ ವರ್ಗ ಕೇಳಿ ಬರೆದ ಅರ್ಜಿಯನ್ನು ನನ್ನ ಮುಂದೆ ಇಟ್ಟಳು.

"ಒಬ್ಬಾಕೀನ ಹೋಗ್ತೀನ್ರಿ. ನಿಮ್ಮ ಬ್ಯಾನಿ ನಾ ತಡಕೋತೀನಿ, ನಿಮ್ಮ ಬಾಯಿ ತಡಕೊಳ್ಳಾಕ ಆಗೂದಿಲ್ಲ. ಆ ಮೇಜರ್ ಅಮ್ಮನ ಕಡೆ ಮೂರು ತಿಂಗಳು ಹೋಗಿ ಬರ್ರಿ. ಆಮ್ಯಾಲ ನೋಡೂಣು."

ಅರ್ಜಿಯನ್ನು ಮಡಿಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಹೀಗೆ ನಾನು ಹೋದದ್ದು ನೋವಿಗೆ ಹೆದರಿ ಅಲ್ಲ, ಆ ಬ್ಯಾಗಿಗೆ ಹೆದರಿ.

ವಿಳಿಂಜಂ ದಾರಿಯಲ್ಲಿ ನಮ್ಮ ಮನೆಯಿಂದ ಎರಡು ತಿರುವು ಆಚೆಗೆ ಅವರ ಮನೆ. ವರಾಂಡದಲ್ಲಿ ನಿಂತರೆ ಹೊಸ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಪ್ರತಿ ಗುರುವಾರ ಬೆಳಿಗ್ಗೆ ಆರೇಳು ಮಂದಿ ಮಾಜಿ ಸೈನಿಕರು ಅಲ್ಲಿ ಸೇರುತ್ತಿದ್ದೆವು. ಎಲ್ಲರದೂ ವಾಸಿಯಾಗದ ನೋವೇ, ಒಬ್ಬರದು ಮಂಡಿ, ಒಬ್ಬರದು ಕತ್ತು. ಚಾಯ, ಪಳಂಪೊರಿ ಅನ್ನುವ ಬಾಳೆಹಣ್ಣಿನ ಬಜ್ಜಿ, ಮಾತು. ಮೊದಲ ದಿನ ಒಳಗೆ ಕಾಲಿಡುವಾಗಲೇ ಅವರು ಹೇಳಿದ್ದು ಒಂದೇ ನಿಯಮ: "ಚಪ್ಪಲಿ, ರ‍್ಯಾಂಕು ಎರಡೂ ಮೆಟ್ಟಿಲ ಮ್ಯಾಲೆ ಬಿಡ್ರಿ."

ಮಲಯಾಳಿ ಬಾಯಲ್ಲಿ ನಮ್ಮ ಬೆಳಗಾವಿ ಕನ್ನಡ ಕೇಳಿ ನಾನು ದಂಗಾದೆ. ಬೆಳಗಾವಿಯಲ್ಲಿ ಪೋಸ್ಟಿಂಗ್ ಇದ್ದಾಗ ವಾರ್ಡಿನ ಆಯಾಗಳಿಂದ ಕಲಿತದ್ದಂತೆ. ಅಷ್ಟಿಷ್ಟು ಮಾತು ಬರುತ್ತಿತ್ತು, ಆದರೆ ಕೊಂಚವೂ ತಡವರಿಸದೆ ಬರುತ್ತಿದ್ದದ್ದು ಮೂರು ಪ್ರಶ್ನೆಗಳು. "ಉಂಡ್ರೇನು? ನಿದ್ದಿ ಬಂತೇನು? ಬ್ಯಾನಿ ಎಲ್ಲೈತಿ?" ಪ್ರತಿ ವಾರ ನನಗೆ ಈ ಮೂರನ್ನೇ ಕೇಳುತ್ತಿದ್ದರು. ಪ್ರತಿ ವಾರ ನಾನು ಬೆನ್ನು ಸೆಟೆಸಿ "ಸಬ್ ಠೀಕ್, ಮ್ಯಾಡಂ" ಅನ್ನುತ್ತಿದ್ದೆ. ಹವಾಲ್ದಾರ ಮೇಜರಿಗೆ ಮತ್ತೇನು ಹೇಳಿಯಾನು?

ಒಮ್ಮೆ ರೇಗಿ ಕೇಳಿಯೇಬಿಟ್ಟೆ: "ಮಾತಾಡಿದ್ರ ಬೆನ್ನೆಲುಬು ಕೂಡತೈತೇನ್ ಮ್ಯಾಡಂ?"

"ಕೂಡೂದಿಲ್ಲ," ಎಂದರು ಆರಾಮವಾಗಿ. "ನೋವು ಬೆನ್ನಾಗ ಇರಲಿ. ಮನೀ ತುಂಬ ಯಾಕ ಹರವೀರಿ?"

ಅವರ ಇನ್ನೊಂದು ಪಾಠ ಹಾಲ್ಟ್. ನೋವು ಹಿಡಿದ ಮೇಲೆ ನಿಲ್ಲುವುದಲ್ಲ, ಹಿಡಿಯುವ ಮೊದಲೇ ನಿಲ್ಲಬೇಕು. ದಿನಕ್ಕೆ ಎಂಟು ನಿಮಿಷ ನಡೆಯಿರಿ, ಆರಾಮ ಅನ್ನಿಸುವಾಗಲೇ ನಿಲ್ಲಿ, ಎಂದರು. ನಾನು ಶೂರ. ಎಂಟಕ್ಕೆ ಮೇಜರ್ ಖುಷಿಯಾದರೆ ಅರವತ್ತಕ್ಕೆ ಎಷ್ಟು ಖುಷಿಯಾಗಬೇಕು ಎಂದು ಲೆಕ್ಕ ಹಾಕಿ ಬಂದರಿನವರೆಗೆ ನಡೆದುಹೋದೆ. ಮೀನುಗಾರರು ಆಟೋದಲ್ಲಿ ಹಾಕಿ ಕಳಿಸಿದರು. "ಸಾರಮಿಲ್ಲ ಚೇಟ್ಟಾ" ಎಂದು ಅವರೆಲ್ಲ ಸಮಾಧಾನ ಹೇಳಿದರೂ ನಾಲ್ಕು ದಿನ ಹಾಸಿಗೆ ಹಿಡಿದೆ. ಗುರುವಾರ ಬೈಸಿಕೊಳ್ಳಲು ತಯಾರಾಗಿ ಹೋದರೆ ಮೇಜರ್ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಂಡಿ ನೋವಿನವರೂ ಅದೇ ವಾರ ಅದನ್ನೇ ಮಾಡಿದ್ದರಂತೆ!

ಆದರೆ ಅವರು ಬೇರೊಂದನ್ನು ಗಮನಿಸಿದ್ದರು. ಎಲ್ಲರೂ ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು ಬಂದರೆ ನಾನೊಬ್ಬ ಬೂಟು ಹಾಕಿಕೊಂಡೇ ಒಳಗೆ ಕೂರುತ್ತಿದ್ದೆ. ಒರೆಸಿದ ಕೆಂಪು ನೆಲದ ಮೇಲೆ ನನ್ನ ಬೂಟಿನ ಗುರುತು. ಆರು ವಾರ ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಏಳನೆಯ ಗುರುವಾರ ಹರತಾಳ. ಬಸ್ಸಿಲ್ಲ, ಆಟೋ ಇಲ್ಲ. ಹತ್ತಿರದವನಾದ ನಾನೊಬ್ಬನೇ ನಡುವೆ ಎರಡು ಹಾಲ್ಟ್ ಮಾಡಿಕೊಂಡು ಹೋದೆ. ಅವರು ಮೂರು ಪ್ರಶ್ನೆ ಕೇಳಿದರು, ನಾನು ಸಬ್ ಠೀಕ್ ಎಂದೆ. ಆಗ ಅವರು ನನ್ನ ಕಾಲು ನೋಡುತ್ತ ಕೇಳಿದರು: "ಬೂಟು ಯಾಕ ಬಿಚ್ಚೂದಿಲ್ಲ ಸಾಹೇಬರ?"

ನಾನು ಕಾಲು ಕುರ್ಚಿಯ ಕೆಳಗೆ ಎಳೆದುಕೊಂಡೆ. ಅವರು ಕಾಯುತ್ತ ಕೂತರು. 

"ಬಿಚ್ಚಿದ್ರ ಕಟ್ಟಾಕ ಬರೂದಿಲ್ಲ ಮ್ಯಾಡಂ," ಅಂದೆ.

ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. ಬೆನ್ನು ಬಗ್ಗುವುದಿಲ್ಲ. ಚಪ್ಪಲಿ ಮೆಟ್ಟಿ ಊರು ತಿರುಗಲು ಉಸ್ತಾದನ ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ, ಆಫೀಸಿನ ಬಸ್ಸಿಗೆ ಹೊತ್ತಾಗುತ್ತಿದ್ದರೂ ನೆಲಕ್ಕೆ ಕೂತು, ನನ್ನ ಹೆಂಡತಿ ನನ್ನ ಲೇಸು ಕಟ್ಟುತ್ತಾಳೆ. ಕಣ್ಣು ಮುಚ್ಚಿ ಬೂಟು ಕಟ್ಟುವುದನ್ನು ಎಷ್ಟೋ ಹುಡುಗರಿಗೆ ಕಲಿಸಿದ ನಾನು ಮೇಲೆ ಕೂತು ಅವಳ ಬೈತಲೆ ನೋಡುತ್ತೇನೆ. ನಾಚಿಕೆಯಿಂದ ಸಾಯುವ ಹಾಗಾಗುತ್ತದೆ. ಆ ಹೊತ್ತಿಗೇ ಏನಾದರೊಂದು ನೆವ ತೆಗೆದು ಅವಳ ಮೇಲೆ ಒದರುತ್ತೇನೆ. ದಿನಾ. ಇಷ್ಟು ಹೇಳುವ ಹೊತ್ತಿಗೆ ನಾನು ಅಳುತ್ತಿದ್ದೆ. ಗಾಡಿ ಪಲ್ಟಿಯಾದಾಗಲೂ ನಾನು ಅತ್ತಿರಲಿಲ್ಲ.

ಅವರು ನನ್ನ ಬೆನ್ನು ತಟ್ಟಲಿಲ್ಲ, ಉಪದೇಶ ಮಾಡಲಿಲ್ಲ. ಚಾಯ ತಂದಿಟ್ಟು, "ನನಗ ಹೇಳಿದ್ರಿ. ಇನ್ನ ಹೇಳಬೇಕಾದವ್ರಿಗೆ ಹೇಳ್ರಿ. ಇದು ಆರ್ಡರ್ ಅಲ್ಲ," ಎಂದರು.

ಸಂಜೆ ಹೆಂಡತಿಗೆ ಹೇಳಿದೆ.  "ಇಷ್ಟಕ್ಕ ಇಷ್ಟು ವರ್ಷ ಒದರಿದ್ರೇನ್ರಿ? ನನ್ನ ಮಾರಿ ಕಂಡ್ರ ನಿಮಗ ಆಗೂದಿಲ್ಲ ಅಂತ ನಾ ತಿಳಕೊಂಡಿದ್ನಿ," ಎಂದು ಅತ್ತಳು. ಅರ್ಜಿ ಬ್ಯಾಗಿನಲ್ಲೇ ಹಳೆಯದಾಯಿತು. ಮುಂದಿನ ಗುರುವಾರ ನಾನು ಮೆಟ್ಟಿಲ ಮೇಲೆ ಬೂಟು ಬಿಟ್ಟೆ. ಹೊರಡುವಾಗ ಕತ್ತು ನೋವಿನವರು ಕಟ್ಟಿಕೊಟ್ಟರು.

ಎರಡು ವರ್ಷ ಹೀಗೇ ನಡೆಯಿತು. ಕಳೆದ ವರ್ಷ ಮೇಜರ್ ಅಮ್ಮನಿಗೆ ಮೂಳೆಯ ಕ್ಯಾನ್ಸರ್ ಎಂದು ಗೊತ್ತಾಗಿ ಮಗಳು ಕೊಚ್ಚಿಗೆ ಕರೆದುಕೊಂಡು ಹೋದರು. ಹೆಚ್ಚು ದಿನವಿಲ್ಲ ಎಂಬ ಸುದ್ದಿ ಬಂದಾಗ ನಾನು ಬಸ್ಸು ಹತ್ತಿದೆ. ಅಷ್ಟು ದೂರ ಒಂದೇ ಸಮ ಕೂರಲು ನನ್ನಿಂದ ಆಗದು. ಕೊಲ್ಲಂನಲ್ಲಿ ಇಳಿದೆ, ಆಲಪ್ಪುಳದಲ್ಲಿ ಇಳಿದೆ, ಚೇರ್ತಲದಲ್ಲಿ ಇಳಿದೆ. ಪ್ರತಿ ಸಲ ಬಸ್ಸು ನನ್ನನ್ನು ಬಿಟ್ಟು ಹೊರಟಾಗ, ನಾನು ತಲುಪುವ ಮೊದಲೇ ಅವರು ಹೋಗಿಬಿಟ್ಟರೆ ಏನು ಗತಿ ಎಂದು ಅದು ಹೋದ ದಾರಿಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ಆದರೂ ಇಳಿದೆ. ಅವರೇ ಕಲಿಸಿದ್ದು.

ಕೊಚ್ಚಿಯ ವೈಟ್ಟಿಲದಲ್ಲಿ ಇಳಿದು ಆಟೋ ಹಿಡಿದು ಮನೆ ಮುಟ್ಟುವಾಗ ಇಳಿಹೊತ್ತು. ಬಾಗಿಲಲ್ಲಿ ಮಗಳು ಹಿಂದಿಯಲ್ಲಿ ಹೇಳಿದರು, ಅಮ್ಮ ಏನನ್ನೂ ಹೇಳುವುದಿಲ್ಲ, ಕೇಳಿದರೆ ಚೆನ್ನಾಗಿದ್ದೇನೆ ಅನ್ನುತ್ತಾರೆ, ಅಂತ. ನಾನು ಬೂಟು ಹೊರಗೆ ಬಿಟ್ಟು ಒಳಗೆ ಹೋದೆ. ಗಡಿಯಾರ ಈಗ ದಿಂಬಿಗೆ ಪಿನ್ನಾಗಿತ್ತು.

"ಎಷ್ಟು ಹಾಲ್ಟ್?" ಅದೇ ಅವರ ಮೊದಲ ಮಾತು.

"ಮೂರು, ಮ್ಯಾಡಂ."

"ಮೂರೂ ನೋವಿಗೆ ಮೊದಲೇ?"

"ಎರಡು ಮೊದಲ, ಒಂದು ಆಮ್ಯಾಲ."

ನಕ್ಕರು. ನಗುವುದಕ್ಕೂ ಅವರಿಗೆ ನೋಯುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕೇಳಿದೆ: "ಉಂಡ್ರೇನು? ನಿದ್ದಿ ಬಂತೇನು? ಬ್ಯಾನಿ ಎಲ್ಲೈತಿ?"

"ಸಬ್ ಠೀಕ್, ಹವಾಲ್ದಾರ್ ಸಾಹೇಬರ."

 ಹರತಾಳದ ದಿನ ಅವರು ಕಾದು ಕೂತ ಹಾಗೆಯೇ ನಾನೂ ಕೂತೆ. ಬೆನ್ನು ಹಿಡಿದಾಗ ಎದ್ದು ನಿಂತೆ, ಮತ್ತೆ ಕೂತೆ. ಕೊನೆಗೆ ಅವರು ಸೀಲಿಂಗ್ ನೋಡುತ್ತ ಹೇಳಿದರು. ಮಗ್ಗುಲು ಹೊರಳಿದರೆ ಜೀವ ಹೋಗುತ್ತದೆ. ನರಳಿದರೆ ಮಗಳು ಎದ್ದು ಓಡಿ ಬರುತ್ತಾಳೆ. ಅದಕ್ಕೆ ಹೊದಿಕೆಯ ತುದಿ ಕಚ್ಚಿಕೊಂಡು ಮಲಗುತ್ತಾರಂತೆ.

"ನನಗ ಹೇಳಿದ್ರಿ ಮ್ಯಾಡಂ. ಇನ್ನ ಹೇಳಬೇಕಾದವ್ರಿಗೆ ಹೇಳ್ರಿ."

"ಆರ್ಡರ್ ಏನು?"

"ಅಲ್ರಿ."

ಅವರು ಕಣ್ಣು ಒರೆಸಿಕೊಂಡು ಮಗಳನ್ನು ಕೂಗಿದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಮಲಯಾಳದಲ್ಲಿ ಇಬ್ಬರ ಮಾತು, ಅಳು, ಮತ್ತೆ ಮಾತು. ಬಹಳ ಹೊತ್ತಿನ ಮೇಲೆ ಮಗಳು ಕೆಂಪು ಕಣ್ಣಿನಿಂದ ಹೊರಗೆ ಬಂದರು. ನಾನು ಬೂಟಿಗೆ ಕಾಲು ತೂರಿಸಿ ಮುಂದೆ ಚಾಚಿ, "ಬೆನ್ನು ಬಗ್ಗುವುದಿಲ್ಲ ಮಗಳೇ, ಲೇಸು ಕಟ್ಟಿಕೊಡುತ್ತೀಯಾ?" ಎಂದು ಹಿಂದಿಯಲ್ಲಿ ಕೇಳಿದೆ. ಅವರು ಕೂತು ಕಟ್ಟಿಕೊಟ್ಟರು.

ಹನ್ನೆರಡು ದಿನಗಳ ಮೇಲೆ ಮೇಜರ್ ಅಮ್ಮ ಹೋದರು. ಕೊನೆಯ ದಿನಗಳಲ್ಲಿ ಅಮ್ಮ ಗಟ್ಟಿಯಾಗಿ ನರಳುತ್ತಿದ್ದರು, ತಾನು ಅವರ ಕೈ ಹಿಡಿದುಕೊಂಡು ಪಕ್ಕದಲ್ಲೇ ಮಲಗುತ್ತಿದ್ದೆ ಎಂದು ಮಗಳು ಫೋನಿನಲ್ಲಿ ಹೇಳಿದರು.

ನನ್ನ ಬೆನ್ನು ಈಗಲೂ ನೋಯುತ್ತದೆ. ಬೆಳಿಗ್ಗೆ ಲೇಸು ಕಟ್ಟುತ್ತ ಹೆಂಡತಿ ತಲೆ ಎತ್ತಿ ಕೇಳುತ್ತಾಳೆ, "ಬ್ಯಾನಿ ಎಲ್ಲೈತ್ರಿ?" ಎಲ್ಲಿದೆ ಎಂದು ನಾನು ಹೇಳುತ್ತೇನೆ.