ಮೇಷ್ಟ್ರು ಕಿತ್ತುಕೊಂಡ ಒಂದು ಸ್ಟಾರ್

ಅವರ ಬಲಗಣ್ಣಿನ ಹುಬ್ಬು ಎಡಗಣ್ಣಿನ ಹುಬ್ಬಿಗಿಂತ ಒಂದು ಬೆರಳು ಮೇಲಿತ್ತು. ಹುಟ್ಟಿದಾಗ ಹಾಗಿರಲಿಲ್ಲವಂತೆ. ಎದುರಿಗಿದ್ದವರ ಮಾತನ್ನೆಲ್ಲ ಅನುಮಾನದಿಂದ ಕೇಳಿ ಕೇಳಿ, ಮೇಲೆ ಹೋದ ಹುಬ್ಬು ಕೆಳಗಿಳಿಯುವುದನ್ನೇ ಮರೆತುಬಿಟ್ಟಿತು ಎಂದು ಅವರ ಹೆಂಡತಿ ಹೇಳುತ್ತಿದ್ದರು. ಹಾಲಿನವನು ಬಂದರೂ ಆ ಹುಬ್ಬು, ಆಟೋದವನು ಬಾಡಿಗೆ ಹೇಳಿದರೂ ಆ ಹುಬ್ಬು. ಮದುವೆಮನೆಯಲ್ಲಿ ಯಾರಾದರೂ ಪಾಪ, "ಊಟ ಸರಿಹೋಯ್ತಾ ಸಾ?" ಎಂದರೂ ಇವನಿಗೇನು ಬೇಕಾಗಿದೆ ಎಂಬಂತೆ ನೋಡುತ್ತಿದ್ದರು.

ಮಧುಗಿರಿಯ ಕಾಲೇಜಿನಲ್ಲಿ ಅವರು ನಮಗೆ ಇತಿಹಾಸದ ಮೇಷ್ಟ್ರು. ನಾನು ಐ.ಡಿ.ಹಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದವಳು, ಮೊದಲ ಪೀರಿಯಡ್ಡಿನಲ್ಲಿ ನಿದ್ದೆ ಹೊಡೆಯುತ್ತಿದ್ದವಳು. ಆದರೆ ಅವರ ಪಾಠದಲ್ಲಿ ನಿದ್ದೆ ಬರುತ್ತಿರಲಿಲ್ಲ. ಯಾರಾದರೂ ಎದ್ದು ನಿಂತು ಪುಸ್ತಕದಲ್ಲಿದ್ದಂತೆ "ಈ ಪಾಳೇಗಾರ ದೊಡ್ಡ ಧರ್ಮಾತ್ಮನಾಗಿದ್ದನು" ಎಂದು ಓದಿದರೆ ಸಾಕು, ಕಿಟಕಿಯಾಚೆ ಕಾಣುವ ಕೋಟೆಯ ಕಡೆ ಕೈ ತೋರಿಸಿ ಶುರುಮಾಡುತ್ತಿದ್ದರು. "ಯಾರಮ್ಮ ಅಂಗೆ ಬರೆದೋನು? ಯಾರ ಮನೆ ಅನ್ನ ತಿಂದು ಬರೆದ? ಮೊದ್ಲು ಅದು ಹೇಳು. ಧರ್ಮಾತ್ಮನೋ ಅಲ್ವೋ ಆಮೇಲೆ ನೋಡಾಣ."

ನಿವೃತ್ತಿಯಾದ ಮೇಲೆ ಈ ಅನುಮಾನಕ್ಕೆ ಕೆಲಸ ಬೇಕಾಯಿತು. ತುಮಕೂರಿನ ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯಲು ಹಿಡಿದರು. ಅದರಲ್ಲೂ ದೆವ್ವದ ಸಿನಿಮಾ ಎಂದರೆ ಪ್ರಾಣ. ಅವರು ಕೊಟ್ಟ ಸ್ಟಾರುಗಳನ್ನು ಮಧುಗಿರಿಯ ಟಾಕೀಸಿನವನು ಕತ್ತರಿಸಿ ಟಿಕೆಟ್ ಕಿಟಕಿಯ ಪಕ್ಕ ಅಂಟಿಸುತ್ತಿದ್ದ. ಮೂರು ಇದ್ದರೆ ಜನ ಒಳಗೆ ಹೋಗುತ್ತಿದ್ದರು, ಎರಡಿದ್ದರೆ ಎದುರಿನ ಹೋಟೆಲಿನಲ್ಲಿ ದೋಸೆ ತಿಂದು ಮನೆಗೆ ಹೋಗುತ್ತಿದ್ದರು. ಮೂರರ ಮೇಲೆ ಅವರು ಯಾರಿಗೂ ಕೊಟ್ಟದ್ದನ್ನು ನಾನು ನೋಡಿಲ್ಲ.

ಅವರು ಸಿನಿಮಾ ನೋಡುವ ರೀತಿಯೇ ಬೇರೆ. ಹೆಸರುಗಳು ಬರುವಾಗ ಒಳಗೆ ಹೋಗುತ್ತಲೇ ಇರಲಿಲ್ಲ, ಬಾಗಿಲ ಹೊರಗೆ ನಿಂತಿರುತ್ತಿದ್ದರು. ಯಾರು ತೆಗೆದದ್ದು ಎಂದು ಗೊತ್ತಾದರೆ ಕಣ್ಣು ಕೆಡುತ್ತದೆಯಂತೆ. ಒಳಗೆ ಹೋದ ಮೇಲೆ ಗೋಡೆ ಪಕ್ಕದ ಸೀಟು ಹಿಡಿದು, ಪರದೆಗಿಂತ ಹೆಚ್ಚಾಗಿ ಜನರ ಕಡೆ ಕಿವಿ ಕೊಡುತ್ತಿದ್ದರು. ನಮ್ಮ ಕಡೆ ಟಾಕೀಸು ಎಂದರೆ ಹುರಿದ ಕಡಲೆಕಾಯಿ ಇಲ್ಲದೆ ಆಗುವುದಿಲ್ಲ. ಸಿನಿಮಾ ಪೂರ್ತಿ ಪಟಪಟ ಸಿಪ್ಪೆ ಒಡೆಯುವ ಸದ್ದು ಇದ್ದೇ ಇರುತ್ತದೆ. ಮೇಷ್ಟ್ರ ಲೆಕ್ಕದಲ್ಲಿ ಆ ಸದ್ದು ನಿಂತಿತೆಂದರೆ ಜನ ನಿಜವಾಗಿ ಹೆದರಿದ್ದಾರೆ ಎಂದರ್ಥ. ಹೆಂಗಸರಿಗೆ ಬಲಗಡೆ ಬೇರೆ ಸಾಲುಗಳಿದ್ದವಲ್ಲ, ಯಾವ ಕಡೆ ಸದ್ದು ನಿಂತಿತು ಎನ್ನುವುದೂ ಅವರಿಗೆ ಗೊತ್ತಾಗುತ್ತಿತ್ತು.

"ಗಂಡಸು ಹೆದರಿಕೊಂಡ್ರೆ ನಗ್ತಾನೆ ಕಣಮ್ಮ," ಎಂದು ಒಮ್ಮೆ ನನಗೆ ಹೇಳಿದ್ದರು. "ಹೆಂಗಸು ಹೆದರಿಕೊಂಡ್ರೆ ಸುಮ್ಮನಾಗ್ತಾಳೆ. ಬೆಂಗಳೂರ್ನೋರಿಗೆ ನಗು ಮಾತ್ರ ಕೇಳಿಸ್ತದೆ. 'ಚಿತ್ರಮಂದಿರದಲ್ಲಿ ಜನ ನಗುತ್ತಿದ್ದರು, ಭಯವೇ ಇಲ್ಲ' ಅಂತ ಬರೆದು ಎರಡು ಸ್ಟಾರ್ ಬಿಸಾಕ್ತಾರೆ. ಸುಮ್ಕಿದ್ದೋರ ಲೆಕ್ಕ ಯಾವನು ಇಟ್ಟವ್ನೆ?"

ಈ ಮಾತು ಕೇಳಿದ ಮೇಲೆ, ನಾನು ಯಾವತ್ತಾದರೂ ಸಿನಿಮಾ ಮಾಡಿದರೆ ಅದನ್ನು ಇವರು ನೋಡಬೇಕು ಎಂದುಕೊಂಡೆ. ಮಾಡಿಯೂ ಮಾಡಿದೆ. ಜಾಹೀರಾತು ಚಿತ್ರಗಳಿಗೆ ಕೂಲಿ ಮಾಡಿ, ಗೆಳತಿಯರನ್ನು ಕಾಡಿ ಬೇಡಿ, ಪಾವಗಡದ ವಳ್ಳೂರಿನಲ್ಲಿ ಸೋಲಾರ್ ಪ್ಲೇಟುಗಳ ನಡುವೆ ಉಳಿದುಕೊಂಡಿದ್ದ ಒಂದು ಹಳೆ ಮನೆಯಲ್ಲಿ ತೆಗೆದೆ. ಕಥೆ ಬಹಳ ಸಣ್ಣದು. ಮಾವ ತೀರಿಕೊಂಡಿದ್ದಾನೆ, ತಿಥಿಯೂ ಮುಗಿದಿದೆ. ಆದರೂ ನಡುಮನೆಯ ಮಂಚದಿಂದ ಕೆಮ್ಮು ಕೇಳುತ್ತಲೇ ಇರುತ್ತದೆ, ಸೊಸೆಗೆ ಮಾತ್ರ. ಕೆಮ್ಮು ಕೇಳಿದ ಕೂಡಲೇ ಅವಳು ಎದ್ದು ಬಿಸಿನೀರು ಕಾಯಿಸಿ ಮಂಚದ ಹತ್ತಿರ ಇಡುತ್ತಾಳೆ. ಹಿಂತಿರುಗಿ ನೋಡಿದರೆ ಲೋಟ ಖಾಲಿ. ನನ್ನ ದೆವ್ವ ಇಷ್ಟೇ. ಚಿತ್ರೀಕರಣ ನೋಡುತ್ತಿದ್ದ ಆ ಮನೆಯ ಅಜ್ಜಿ, "ದಯ್ಯಂ ಎಕ್ಕಡಮ್ಮಾ ಇದ್ರಾಗೆ? ನಮ್ಮನ್ಯಾಗೆ ದಿನಾ ಆಗೋದೇ ಕದಾ!" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ದೆವ್ವ ಎಲ್ಲಿ, ಇದು ದಿನವೂ ನಡೆಯುವುದೇ ಅಲ್ಲವೇ ಅಂತ. ನಾನು ಗೆದ್ದೆ ಅಂದುಕೊಂಡೆ.

ಬೆಂಗಳೂರಿನಲ್ಲಿ ಬಿಡುಗಡೆಯಾದ ವಾರ ಎರಡು ವಿಮರ್ಶೆ ಬಂದವು. ಒಬ್ಬ ಗಂಡಸು, "ಕೆಮ್ಮಿಗೆ ಔಷಧಿ ಸಾಕಿತ್ತು, ಸಿನಿಮಾ ಬೇಕಿರಲಿಲ್ಲ" ಎಂದು ಒಂದೂವರೆ ಕೊಟ್ಟಿದ್ದ. ಒಬ್ಬ ಹೆಂಗಸು ನಾಲ್ಕೂವರೆ ಕೊಟ್ಟು, ಮಾವ ಸೊಸೆಗೆ ಹೊಡೆಯುವ ದೃಶ್ಯ ಎದೆ ನಡುಗಿಸುತ್ತದೆ ಎಂದು ಬರೆದಿದ್ದಳು. ನನ್ನ ಸಿನಿಮಾದಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ! ಅವನಿಗೆ ನಾನು ಹೆಣ್ಣು ಅಂತ ಕಡಿಮೆ, ಇವಳಿಗೆ ನಾನು ಹೆಣ್ಣು ಅಂತ ಜಾಸ್ತಿ. ಸಿನಿಮಾ ನೋಡಿದವರು ಯಾರು ಹಾಗಾದರೆ? ನನಗೆ ಬೇಕಾಗಿದ್ದದ್ದು ಒಂದೇ. ನಾನು ಹೆಣ್ಣೆನ್ನುವುದನ್ನು ಅತ್ತ ಇಟ್ಟು, ಮಾಡಿದ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರಾದರೂ ಒಬ್ಬರು ಹೇಳಬೇಕಿತ್ತು. ಆ ಒಬ್ಬರು ಮೇಷ್ಟ್ರೇ ಎಂದು ಕಾದು ಕೂತೆ.

ಮಧುಗಿರಿಯ ಟಾಕೀಸಿಗೆ ಬಂದ ದಿನ ನಾನೂ ಹೋಗಿದ್ದೆ. ಮೇಷ್ಟ್ರು ಎಂದಿನಂತೆ ಹೆಸರು ಮುಗಿಯುವ ತನಕ ಹೊರಗೇ ನಿಂತಿದ್ದರು. ನಿಂತು ಏನು ಪ್ರಯೋಜನ, ಇಡೀ ಊರಿಗೆ ಗೊತ್ತಿತ್ತು ಇದು ಐ.ಡಿ.ಹಳ್ಳಿ ಹುಡುಗಿಯದು ಅಂತ. ಎರಡನೇ ಸಲ ಲೋಟ ಖಾಲಿಯಾದಾಗ ಗಂಡಸರ ಕಡೆ ಹೋ ಎಂದು ನಕ್ಕರು. ಬಲಗಡೆಯ ಸಾಲುಗಳಲ್ಲಿ ಕಡಲೆಕಾಯಿಯ ಸದ್ದು ನಿಂತೇ ಹೋಯಿತು. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಬಲಗಡೆಗೆ ತಿರುಗಿದ್ದರು. ಕೇಳಿಸಿಕೊಂಡರು, ಸಾಕು ಎಂದು ಸಮಾಧಾನದಿಂದ ಮನೆಗೆ ಹೋದೆ.

ಪತ್ರಿಕೆ ಬಂತು. ಎರಡೂವರೆ.

ಅದಕ್ಕೂ ಮುಂಚೆ ಶಿರಾ ಕಡೆಯ ಒಬ್ಬನ ಸಿನಿಮಾಕ್ಕೆ ಇದೇ ಮೇಷ್ಟ್ರು ಮೂರು ಕೊಟ್ಟಿದ್ದರು. ಬಿಳಿ ಸೀರೆ, ಗೆಜ್ಜೆ, ಕೆದರಿದ ಕೂದಲು, ದೆವ್ವವಾಗುವುದಕ್ಕೆ ಮುಂಚೆ ಆ ಹುಡುಗಿಗೆ ಒಂದು ಸ್ನಾನದ ದೃಶ್ಯ, ಎಲ್ಲ ಇದ್ದ ಸಿನಿಮಾ. ಅದಕ್ಕೆ ಮೂರು, ನನಗೆ ಎರಡೂವರೆ! ಅಂದರೆ ಇವರೂ ಗಂಡಸೇ ತಾನೆ? ಟಾಕೀಸಿನವನು ಆ ಎರಡೂವರೆಯನ್ನು ಕಿಟಕಿಯ ಪಕ್ಕ ಅಂಟಿಸಿ, ವಾರ ತುಂಬುವುದಕ್ಕೆ ಮುಂಚೆಯೇ ನನ್ನ ಪೋಸ್ಟರ್ ಕೀಳಿಸಿದ. ಆಮೇಲೆ ಮೇಷ್ಟ್ರು ಎದುರಿಗೆ ಸಿಕ್ಕಿದರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಅವರೂ ಕರೆಯುತ್ತಿರಲಿಲ್ಲ. ಅದು ಇನ್ನೂ ಉರಿಸುತ್ತಿತ್ತು.

ಎರಡು ವರ್ಷ ಹೀಗೇ ಹೋಯಿತು. ಒಂದು ಶುಕ್ರವಾರ ಅಮ್ಮನನ್ನು ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮ ಕ್ಯೂನಲ್ಲಿ ನಿಂತಳು. ನೋಡಿದರೆ ಮರದ ನೆರಳಲ್ಲಿ ಮೇಷ್ಟ್ರು ಬರಿಗಾಲಲ್ಲಿ ಕೂತಿದ್ದಾರೆ, ತೊಡೆಯ ಮೇಲೆ ಒಂದು ಬಟ್ಟೆ ಚೀಲ. ಚೀಲದಲ್ಲಿ ಅವರ ಚಪ್ಪಲಿ, ಹೆಂಡತಿಯ ಚಪ್ಪಲಿ. ಚಪ್ಪಲಿ ಬಿಡುವ ಜಾಗದವನನ್ನೂ ಅವರು ನಂಬುವವರಲ್ಲ. ನನಗೆ ನಗು ತಡೆಯಲಿಲ್ಲ. ನಕ್ಕ ಮೇಲೆ ಮುಖ ತಿರುಗಿಸಿಕೊಂಡು ಹೋಗುವುದು ಹೇಗೆ?

"ಕೂತ್ಕೋ," ಎಂದರು.

ಕೂತೆ. ಅಷ್ಟರಲ್ಲಿ ಅವರ ಹೆಂಡತಿ ಕುಂಕುಮ ಹಿಡಿದುಕೊಂಡು ಬಂದರು. ನನ್ನನ್ನು ನೋಡಿದ್ದೇ ತಡ, "ಓಹೋ ಬಂದ್ಯಾ ತಾಯಿ! ನಿನ್ನಿಂದ ನಂಗೆ ದೊಡ್ಡ ಫಜೀತಿ ಆಗೈತೆ ಕಣಮ್ಮ" ಎಂದು ಶುರುಮಾಡಿದರು. "ನಿನ್ ಸಿನಿಮಾ ನೋಡ್ಕೊಂಡು ಬಂದಾಗಿಂದ ಇವ್ರು ನನ್ನತ್ರ ಬಿಸಿನೀರು ಕೇಳಲ್ಲ. ಕೆಮ್ಮು ಬಂದ್ರೆ ತಾವೇ ಎದ್ದೋಗಿ ಕಾಯಿಸ್ಕೋತಾರೆ. ಗ್ಯಾಸ್ ಹಚ್ಚಾಕೆ ಬರಾಕಿಲ್ಲ, ಎರಡು ಸಲ ಕೈ ಸುಟ್ಕೊಂಡವ್ರೆ. ನಾನು ಕೊಡ್ತೀನಿ ಬುಡಿ ಅಂದ್ರೆ ಬೇಡ ಅಂತಾರೆ. ನೀನಾದ್ರೂ ಹೇಳು."

ಪ್ರಸಾದ ತರುತ್ತೇನೆಂದು ಅವರು ಮತ್ತೆ ಒಳಗೆ ಹೋದರು. ನಾನು ಮೇಷ್ಟ್ರ ಕಡೆ ತಿರುಗಿದೆ.

"ಅಷ್ಟು ನಾಟಿದ್ರೆ ಎರಡೂವರೆ ಯಾಕೆ ಸಾ ಕೊಟ್ರಿ?"

ಚೀಲದ ಬಾಯಿಯನ್ನು ಸುತ್ತಿದರು, ಬಿಚ್ಚಿದರು. "ಮೂರೂವರೆ ಬರೆದಿದ್ದೆ ಕಣಮ್ಮ," ಎಂದರು. "ಕಳಿಸಾಕೆ ಮುಂಚೆ ಟೀ ಕುಡಿಯಾಕೆ ಹೋದೆ. ಅಲ್ಲಿ ಆ ಶಿರಾದೋನು ಸಿಕ್ಕಿ, 'ಏನ್ ಮೇಷ್ಟ್ರೇ, ಹೆಣ್ಣುಮಕ್ಕಳ ಸಿನಿಮಾ, ಈ ಸಲ ಕೈ ಬಿಚ್ಚಿ ಕೊಡ್ತೀರ' ಅಂದ. ಮನೆಗೆ ಬಂದೆ. ನನ್ ಮೇಲೆ ನಂಗೇ ಅನುಮಾನ ಬಂತು. ಚೆನ್ನಾಗೈತೆ ಅಂತ ಕೊಟ್ನೋ, ಹುಡುಗಿ, ನನ್ ಶಿಷ್ಯೆ ಅಂತ ಕೊಟ್ನೋ? ಬಗೆಹರೀಲಿಲ್ಲ. ಒಂದು ಕಿತ್ಬುಟ್ಟೆ."

"ಗಂಡುಹುಡುಗ ಮಾಡಿದ್ರೆ ಆ ಅನುಮಾನ ಬರ್ತಿತ್ತಾ?"

ನಲವತ್ತು ವರ್ಷ ಊರಿಗೆಲ್ಲ ಪ್ರಶ್ನೆ ಹಾಕಿದ ಮನುಷ್ಯ ನೆಲ ನೋಡುತ್ತಿದ್ದರು.

"ಬರ್ತಿರ್ಲಿಲ್ಲ," ಎಂದರು, ತಲೆ ಎತ್ತಿ ನನ್ನನ್ನೇ ನೋಡಿ.

ನನಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ನಿಜವಾಗಿ ಮೂರೂವರೆ ಬರೆದಿದ್ದರೋ, ಈಗ ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೋ ಎಂದು ಅಲ್ಲೇ ಅನುಮಾನವೂ ಬಂತು. ಅವರ ಶಿಷ್ಯೆ ಅಲ್ಲವೇ ನಾನು! "ಇದನ್ನ ಪತ್ರಿಕೆಯಲ್ಲಿ ಬರೀರಿ ಹಂಗಾದ್ರೆ" ಎಂದೆ. "ಬರೆದ್ರೆ ಹುಡುಗಿ ಅತ್ಲು, ಮುದುಕ ಕರಗಿದ ಅಂತಾರೆ" ಎಂದರು. "ಅನ್ನಲಿ ಬಿಡಿ" ಎಂದೆ. ಅಷ್ಟರಲ್ಲಿ ಪ್ರಸಾದ ಬಂತು.

ಬರೆದರು. ಯಾವುದೋ ಬೇರೆ ಸಿನಿಮಾದ ವಿಮರ್ಶೆಯ ಕೊನೆಗೆ, ಹಿಂದೆ ಒಂದು ಚಿತ್ರಕ್ಕೆ ಒಂದು ಸ್ಟಾರ್ ಕಡಿಮೆ ಕೊಟ್ಟೆ, ಮಾಡಿದವಳು ಹೆಣ್ಣು ಎಂಬುದೊಂದೇ ಅದಕ್ಕೆ ಕಾರಣ, ಅದು ತಪ್ಪು ಎಂದು ನೇರವಾಗಿ ಬರೆದರು. ಊರು ಅವರು ಹೇಳಿದಂತೆಯೇ ಅಂದಿತು. ಶಿರಾದವನು ಅದರ ಫೋಟೋ ತೆಗೆದು, 'ನಾನು ಅವತ್ತೇ ಹೇಳಿದ್ದೆ' ಎಂದು ಸ್ಟೇಟಸ್ ಹಾಕಿಕೊಂಡ. ಟಾಕೀಸಿನವನು ಮೇಷ್ಟ್ರ ವಿಮರ್ಶೆ ಅಂಟಿಸುವುದನ್ನೇ ನಿಲ್ಲಿಸಿದ. ಮೇಷ್ಟ್ರಿಗೆ ಇದರಿಂದ ನೋವಾಗಿರಬೇಕು, ಆದರೆ ನನ್ನೆದುರು ತೋರಿಸಲಿಲ್ಲ. "ಯೋಳ್ಲಿಲ್ವಾ ನಾನು?" ಎಂದು ನಕ್ಕರು. ಅವತ್ತಿನಿಂದ ನಮ್ಮಿಬ್ಬರ ಮಾತು ಮತ್ತೆ ಶುರುವಾಯಿತು. ನನ್ನ ಎರಡನೇ ಸಿನಿಮಾದ ಕಥೆಯನ್ನು ಕೇಳಿ, ಅದರಲ್ಲಿ ಸುಳ್ಳು ಎನಿಸಿದ ಕಡೆಯೆಲ್ಲ ತಡೆದು ಜಗಳ ಆಡಿದರು. ಎರಡು ದೃಶ್ಯ ಅವರ ಬೈಗುಳಕ್ಕೇ ಬಿದ್ದುಹೋದವು.

ಆ ಸಿನಿಮಾ ಮುಗಿಯುವುದಕ್ಕೆ ಮುಂಚೆ ಅವರು ಹೋದರು. ಎದೆನೋವು ಎಂದು ತುಮಕೂರಿಗೆ ಕರೆದೊಯ್ದಾಗ, ಹುಷಾರಾಗುತ್ತೀರಿ ಎಂದ ಡಾಕ್ಟರನ್ನೂ ಹುಬ್ಬೇರಿಸಿ ನೋಡಿದರಂತೆ. ಆ ಸಲ ಅವರ ಅನುಮಾನವೇ ಸರಿಯಾಗಿತ್ತು.

ಈಗ ಎರಡನೆಯದೂ ಬಿಡುಗಡೆಯಾಗಿದೆ. ಹೊಸ ವಿಮರ್ಶಕಿಯೊಬ್ಬಳು, ಒಳ್ಳೆಯ ಹುಡುಗಿ, ನಾಲ್ಕು ಸ್ಟಾರ್ ಕೊಟ್ಟಿದ್ದಾಳೆ. ನನಗೆ ತಡೆಯಲಾಗಲಿಲ್ಲ, ಫೋನ್ ಮಾಡಿ ಕೇಳಿಯೇಬಿಟ್ಟೆ. "ಇದನ್ನ ಒಬ್ಬ ಗಂಡಸು ಮಾಡಿದ್ದರೆ ಎಷ್ಟು ಕೊಡ್ತಿದ್ರಿ?"

"ಅಯ್ಯೋ, ಏನ್ ಮೇಡಂ ನೀವು!" ಎಂದು ನಕ್ಕು, ಹಬ್ಬಕ್ಕೆ ಊರಿಗೆ ಹೋಗುತ್ತೀರಾ ಎಂದು ಮಾತು ಬದಲಿಸಿದಳು.

ಮೇಷ್ಟ್ರ ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. "ಬಲು ಚೆನ್ನಾಗೈತೆ ಕಣವ್ವ" ಎಂದು ಕೈ ಹಿಡಿದುಕೊಂಡರು. ಅದು ನನ್ನ ಮೇಲಿನ ಪ್ರೀತಿಗೆ ಹೇಳಿದ ಮಾತು, ಗೊತ್ತಾಗುವುದಿಲ್ಲವೇ? ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದಾರೆ. ಚೆನ್ನಾಗಿದೆಯೋ ಇಲ್ಲವೋ, ಅದು ಮಾತ್ರ ನನಗೆ ಗೊತ್ತಿಲ್ಲ. ನನಗೆ ಕೊಡಬೇಕಾದ್ದನ್ನು ಕಿತ್ತುಕೊಂಡು, ಯಾಕೆ ಕಿತ್ತುಕೊಂಡೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದವರು ಒಬ್ಬರೇ. ತಪ್ಪೆಂದು ಅವರೇ ಒಪ್ಪಿಕೊಂಡ ಆ ಎರಡೂವರೆಯನ್ನು ನಂಬುವ ಹಾಗೆ ಈ ನಾಲ್ಕನ್ನು ನಂಬಲು ನನ್ನಿಂದ ಆಗುತ್ತಿಲ್ಲ.